ಶಾಕ್ ಅಬ್ಸಾರ್ಬರ್ ಬೋಲ್ಟು: ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ

ಸ್ವಚ್ಛ ವಾಹಿನಿಗೆ ಹೊಸ ಶಾಕ್ ಅಬ್ಸಾರ್ಬರ್ ಅಳವಡಿಸಿದ ಕೆಲವೇ ತಿಂಗಳಲ್ಲಿ ಅದರ ರಬ್ಬರ್ ಬುಷ್ ಹರಿದರೆ, ದೋಷವು ಬಿಡಿಭಾಗದ್ದೇ ಆಗಿರಬೇಕೆಂದಿಲ್ಲ. ಬೋಲ್ಟು ಬಿಗಿದ ಕ್ರಮದ್ದೂ ಆಗಿರಬಹುದು. ಜಾಕ್ ಮೇಲೆ ಎತ್ತಿದ ವಾಹನದ ಚಕ್ರಗಳು ಕೆಳಕ್ಕೆ ಜೋತುಬಿದ್ದಿರುತ್ತವೆ. ಆ ಸ್ಥಿತಿಯಲ್ಲಿಯೇ ಬುಷ್‌ನ ಬೋಲ್ಟನ್ನು ಪೂರ್ಣವಾಗಿ ಬಿಗಿದರೆ, ವಾಹನ ನೆಲಕ್ಕಿಳಿದೊಡನೆ ರಬ್ಬರ್ ತಿರುಚಿಕೊಳ್ಳುತ್ತದೆ. ವಾಹನ ನಿಂತಿರುವಾಗಲೂ ಆ ತಿರುಚು ಬಿಡದು. ಆದುದರಿಂದ ಮೊದಲು ಬೋಲ್ಟನ್ನು ಸಡಿಲವಾಗಿ ಕೂರಿಸಿ, ಭಾರವು ಚಕ್ರಗಳ ಮೇಲೆ ಬಿದ್ದ ನಂತರ, ತಯಾರಕರ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಯತಕ್ಕದ್ದು. ಸ್ಪ್ಯಾನರಿಗೆ ಪೈಪು ಸೇರಿಸಿ ಜಗ್ಗುವ ವಾಡಿಕೆಯಿಂದ ಥ್ರೆಡ್ ಕೆಡುತ್ತದೆ. ನೈಲಾನ್ ಉಂಗುರದ ಲಾಕ್‌ನಟ್ಟು ಹೊಸದೇ ಇರಬೇಕು. ಅದರ ಬೆಲೆ ಅತ್ಯಲ್ಪ. ಸಡಿಲ ಬೋಲ್ಟಿನ ಕಟಕಟ ಸದ್ದು ಮೊದಲು ಕೇಳುವುದು ಚಾಲಕಿಗೆ. ಬಿಲ್ಲು ಸಭೆಗೆ ಬಂದಾಗ ಆಕೆಯನ್ನೂ ವಿಚಾರಿಸಿ, ಕೊನೆಯ ಬಿಗಿತ ಜಾಕ್ ಮೇಲಾಯಿತೋ ನೆಲದ ಮೇಲಾಯಿತೋ ಎಂದು ಸದಸ್ಯರು ಮೆಕ್ಯಾನಿಕ್‌ನಿಂದ ಖಚಿತಪಡಿಸಿಕೊಳ್ಳುವುದು.