ದಾಟಿದ ಓಟು ಎರಡರ ಲೆಕ್ಕ

'ಪಕ್ಷಾಂತರ' ಅಂದ ತಕ್ಷಣ ನಮಗೆ ನೆನಪಾಗೋದು ರೆಸಾರ್ಟು, ಬಸ್ಸು, ಶಾಸಕರು. ದಾಟೋದು ನಾಯಕರ ಕೆಲಸ, ಟಿವಿ ಮುಂದೆ ಕೂತು ನೋಡೋದು ನಮ್ಮ ಕೆಲಸ. ಆದರೆ ಮತದಾರರೇ ದಾಟಿದರೆ? 2024ರ ನವೆಂಬರ್‌ನಲ್ಲಿ ಅಮೆರಿಕದ ಫಲಿತಾಂಶ ಬರ್ತಿದ್ದಾಗ ನಮ್ಮ ಹಾಸ್ಟೆಲ್ ರೂಮಿನಲ್ಲಿ ಇದೇ ಚರ್ಚೆ. "ಜೀವನಪೂರ್ತಿ ರಿಪಬ್ಲಿಕನ್ ಆಗಿದ್ದೋರು ಡೆಮಾಕ್ರಟಿಕ್ ಪಕ್ಷಕ್ಕೆ ಯಾಕೋ ಓಟು ಹಾಕ್ತಾರೆ?" ಅಂತ ಒಬ್ಬ ಕೇಳಿದ. ಯಾರ ಹತ್ರಾನೂ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳ್ಕೊಂಡಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀವಿ.

ಮೊದಲು ಅಲ್ಲಿನ ಪದ್ಧತಿ. ಅಧ್ಯಕ್ಷರನ್ನು ಆರಿಸೋಕೆ ಒಟ್ಟು 538 ಎಲೆಕ್ಟೋರಲ್ ಮತಗಳಿವೆ, ಗೆಲ್ಲೋಕೆ 270 ಬೇಕು. 50 ರಾಜ್ಯಗಳ ಪೈಕಿ 48ರಲ್ಲಿ ಒಂದೇ ಒಂದು ಓಟು ಜಾಸ್ತಿ ಬಂದರೂ ಆ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತಗಳು ಗೆದ್ದವರಿಗೇ ಹೋಗ್ತವೆ. ಹಾಗಾಗಿ ಜಿದ್ದಾಜಿದ್ದಿ ಇರೋ ರಾಜ್ಯಗಳಲ್ಲಿ ಮಾರ್ಜಿನ್ನೇ ಎಲ್ಲ.

ಈಗ ನಮಗಿಷ್ಟವಾದ ಭಾಗ, ಗಣಿತ. ಒಂದು ಕ್ಲಾಸಿನಲ್ಲಿ ನೂರು ಓಟಿದೆ, ಒಬ್ಬರಿಗೆ 51, ಇನ್ನೊಬ್ಬರಿಗೆ 49 ಅಂದುಕೊಳ್ಳಿ. ಗೆಲ್ಲುವವರ ಕಡೆಯ ಒಬ್ಬ ಬೇಜಾರಾಗಿ ಓಟು ಹಾಕದೇ ಕೂತರೆ 50–49. ಅವರೇ ಗೆಲ್ತಾರೆ. ಅದೇ ಹುಡುಗ ಎದುರಿನವರಿಗೆ ಓಟು ಹಾಕಿದರೆ 50–50! ಮನೆಯಲ್ಲೇ ಉಳಿದವನಿಂದ ಅಂತರ ಒಂದು ಕಡಿಮೆ ಆಗುತ್ತೆ, ದಾಟಿದವನಿಂದ ಎರಡು.

ಇದನ್ನು 2020ರ ಫಲಿತಾಂಶಕ್ಕೆ ಹಚ್ಚಿ ನೋಡೋಣ. ಬೈಡನ್ ಅರಿಜೋನಾದಲ್ಲಿ 10,457, ಜಾರ್ಜಿಯಾದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682 ಓಟುಗಳಿಂದ ಗೆದ್ದರು. ಈ ಮೂರೂ ರಾಜ್ಯಗಳ 37 ಎಲೆಕ್ಟೋರಲ್ ಮತ ಟ್ರಂಪ್ ಕಡೆ ಹೋಗಿದ್ದರೆ 306–232 ಇದ್ದದ್ದು 269–269 ಆಗ್ತಿತ್ತು. ಅದಕ್ಕೆ ಎಷ್ಟು ಜನ ಈ ಕಡೆಯಿಂದ ಆ ಕಡೆ ಹೋಗಬೇಕಿತ್ತು? ಪ್ರತಿ ಅಂತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ: 5,229, 5,890, 10,342. ಒಟ್ಟು 21,461 ಜನ. ದೇಶದಲ್ಲಿ ಓಟು ಹಾಕಿದವರು 15 ಕೋಟಿಗೂ ಹೆಚ್ಚು!

ಆ ಅಂತರಕ್ಕೆ ದಾಟಿದ ರಿಪಬ್ಲಿಕನ್ನರೊಬ್ಬರೇ ಕಾರಣ ಅಂತಲ್ಲ. ಮತ ಗುಪ್ತ. ಆದರೆ ಎಕ್ಸಿಟ್ ಪೋಲ್ ಪ್ರಕಾರ ನೂರು ರಿಪಬ್ಲಿಕನ್ನರಲ್ಲಿ ಸುಮಾರು ಆರು ಜನ ಬೈಡನ್‌ಗೆ ಓಟು ಹಾಕಿದ್ದರು. ಅಂತರ ಇಷ್ಟು ಸಣ್ಣದಿದ್ದಾಗ ಆರು ಸಣ್ಣ ಸಂಖ್ಯೆಯಲ್ಲ.

ಯಾಕೆ ದಾಟ್ತಾರೆ? ಪಕ್ಷ ಬೇರೆ, ವಿಚಾರ ಬೇರೆ ಅನ್ನೋದು ಇದರ ಮೂಲ. ಕಡಿಮೆ ತೆರಿಗೆ, ಚಿಕ್ಕ ಸರ್ಕಾರ, ಗಟ್ಟಿ ಸೇನೆ, ಚರ್ಚು, ಕುಟುಂಬ, ಇವನ್ನೆಲ್ಲ ನಂಬುವವರನ್ನು ಅಲ್ಲಿ ಸಂಪ್ರದಾಯವಾದಿ ಅಂತಾರೆ. ಇವರು ಎರಡೂ ದಿಕ್ಕಿಗೆ ದಾಟಿದ್ದಾರೆ. ಡೆಟ್ರಾಯಿಟ್ ಪಕ್ಕದ ಮಕೋಂಬ್ ಕೌಂಟಿಯಲ್ಲಿ ಕಾರು ಕಾರ್ಖಾನೆಯ ಕಾರ್ಮಿಕರು ಜಾಸ್ತಿ. 1960ರಲ್ಲಿ ಡೆಮಾಕ್ರಟಿಕ್ ಪಕ್ಷದ ಕೆನಡಿಯನ್ನು ಭರ್ಜರಿಯಾಗಿ ಗೆಲ್ಲಿಸಿದ ಆ ಕೌಂಟಿ, 1984ರಲ್ಲಿ ರಿಪಬ್ಲಿಕನ್ ರೇಗನ್‌ಗೆ ಸುಮಾರು ಮೂರನೇ ಎರಡರಷ್ಟು ಓಟು ಕೊಟ್ಟಿತು. 'ನಾವು ಪಕ್ಷ ಬಿಡಲಿಲ್ಲ, ಪಕ್ಷವೇ ನಮ್ಮನ್ನು ಬಿಟ್ಟಿತು' ಅನ್ನೋ ಭಾವನೆ. 2020ರಲ್ಲಿ ದಾಟಿದ ಹಲವು ರಿಪಬ್ಲಿಕನ್ನರ ಮಾತೂ ಹೆಚ್ಚುಕಮ್ಮಿ ಇದೇ.

ದಾಟೋದು ಅಂದ್ರೆ ಪೂರ್ತಿ ಬಿಟ್ಟುಬಿಡೋದು ಅಂತಲೂ ಅಲ್ಲ. ಅಲ್ಲಿ ಒಂದೇ ದಿನ, ಒಂದೇ ಮತಪತ್ರದಲ್ಲಿ ಅಧ್ಯಕ್ಷರಿಂದ ಹಿಡಿದು ರಾಜ್ಯದ ಶಾಸಕರವರೆಗೆ ಆರಿಸ್ತಾರೆ. ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರ ಇರೋ ಕ್ಷೇತ್ರ 2020ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಬೈಡನ್‌ರನ್ನು, ಸಂಸತ್ತಿಗೆ ರಿಪಬ್ಲಿಕನ್ ಡಾನ್ ಬೇಕನ್‌ರನ್ನು ಗೆಲ್ಲಿಸಿತು. 2024ರಲ್ಲೂ ಹಾಗೇ, ಅಲ್ಲಿ ಹ್ಯಾರಿಸ್ ಗೆದ್ದರು, ಬೇಕನ್ ಕೂಡ ಗೆದ್ದರು. 'ಪಕ್ಷ ಬೇಕು, ಈ ಅಭ್ಯರ್ಥಿ ಬೇಡ' ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋದು ಕಷ್ಟ.

ಬಹಿರಂಗವಾಗಿ ದಾಟಿದವರು ಬೆಲೆ ತೆತ್ತಿದ್ದಾರೆ. 2008ರ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅವರ ಪತ್ನಿ ಸಿಂಡಿ ಮೆಕೇನ್ 2020ರಲ್ಲಿ ಬೈಡನ್‌ಗೆ ಬೆಂಬಲ ಕೊಟ್ಟರು. 2021ರ ಜನವರಿಯಲ್ಲಿ ಅರಿಜೋನಾದ ಅವರದೇ ಪಕ್ಷ ಅವರ ವಿರುದ್ಧ ಖಂಡನಾ ನಿರ್ಣಯ ಪಾಸು ಮಾಡಿತು. ಟ್ರಂಪ್‌ರನ್ನು ಎದುರು ಹಾಕಿಕೊಂಡ ಲಿಜ್ ಚೇನಿ 2022ರಲ್ಲಿ ವಯೋಮಿಂಗ್‌ನಲ್ಲಿ ಪಕ್ಷದ ಟಿಕೆಟ್ಟನ್ನೇ ಕಳ್ಕೊಂಡರು.

ಇಷ್ಟೆಲ್ಲ ಆಗಿ 2024ರಲ್ಲಿ ಏನಾಯ್ತು? ಲಿಜ್ ಚೇನಿ, ಅವರ ತಂದೆ, ಮಾಜಿ ಉಪಾಧ್ಯಕ್ಷ ಡಿಕ್ ಚೇನಿ, ಇಬ್ಬರೂ ಹ್ಯಾರಿಸ್‌ಗೆ ಬೆಂಬಲ ಘೋಷಿಸಿದರು. ಆದರೂ ಏಳು ಸ್ವಿಂಗ್ ಸ್ಟೇಟ್‌ಗಳನ್ನೂ ಟ್ರಂಪ್ ಗೆದ್ದರು. ಹ್ಯಾರಿಸ್‌ಗೆ ಓಟು ಹಾಕಿದ ರಿಪಬ್ಲಿಕನ್ನರು ನೂರಕ್ಕೆ ಸುಮಾರು ಐದು ಜನ, ಹಿಂದಿನ ಸಲಕ್ಕಿಂತ ಜಾಸ್ತಿ ಏನಲ್ಲ. ನಾಯಕರು ದಾಟಿದ ಸೇತುವೆಯನ್ನು ಜನರೂ ದಾಟ್ತಾರೆ ಅಂತ ಗ್ಯಾರಂಟಿ ಇಲ್ಲ. ಅವರವರ ಓಟು ಅವರವರ ನಿರ್ಧಾರ.

ಇದು ನಮಗೆ ಹೊಸದೇನಲ್ಲ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳ ಪೈಕಿ 24 ಕಾಂಗ್ರೆಸ್‌ಗೆ ಹೋದವು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಸ್ಪಷ್ಟ ಬಹುಮತ. ನಮ್ಮ ಅಜ್ಜ ಅಜ್ಜಿಯರ ಕಾಲದವರಿಗೆ ದೆಹಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಅನ್ನೋ ಲೆಕ್ಕ ಚೆನ್ನಾಗೇ ಗೊತ್ತಿತ್ತು.

ನಮ್ಮಲ್ಲಿ ಬಹಳ ಜನ ಇನ್ನೂ ಮೊದಲ ಓಟು ಹಾಕಿಲ್ಲ. 'ನಮ್ಮ ಮನೇಲಿ ಎಲ್ರೂ ಅದೇ ಪಕ್ಷ' ಅನ್ನೋ ಮಾತು ಮಾತ್ರ ಆಗಲೇ ಬಾಯಿಗೆ ಬಂದುಬಿಟ್ಟಿದೆ. ಆ ಪಕ್ಷಕ್ಕೇ ಹಾಕಿ, ತಪ್ಪೇನಿಲ್ಲ. ಆದರೆ ಯಾಕೆ ಅಂತ ಯಾರಾದ್ರೂ ಕೇಳಿದರೆ ಮನೆಯವರ ಹೆಸರು ಹೇಳದೇ ಉತ್ತರ ಕೊಡೋಕೆ ಆಗುತ್ತಾ? ನಮ್ಮ ರೂಮಿನಲ್ಲಿ ನಾಲ್ಕು ಜನರಲ್ಲಿ ಒಬ್ಬನಿಗೆ ಮಾತ್ರ ಆಯ್ತು.