ಹಾಸಿಗೆ ಹುಣ್ಣು: ಪರೀಕ್ಷೆ ಮತ್ತು ಮುನ್ನೆಚ್ಚರಿಕೆ

ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಅಥವಾ ವೃದ್ಧಾಪ್ಯದ ನಿಶ್ಶಕ್ತಿಯಿಂದ ಬಹುದಿನ ಹಾಸಿಗೆ ಹಿಡಿದವರಲ್ಲಿ ಒತ್ತಡದ ಹುಣ್ಣುಗಳು ಉಂಟಾಗುವ ಸಂಭವವಿರುತ್ತದೆ. ಜನಸಾಮಾನ್ಯರು ಇವನ್ನು ಹಾಸಿಗೆ ಹುಣ್ಣು ಎನ್ನುತ್ತಾರೆ. ಮೂಳೆಗೂ ಹಾಸಿಗೆಗೂ ನಡುವೆ ಸಿಲುಕಿದ ಚರ್ಮ ಮತ್ತು ಮಾಂಸಕ್ಕೆ ರಕ್ತಸಂಚಾರ ತಗ್ಗಿ, ಆ ಭಾಗವು ನಿರ್ಜೀವವಾಗುವುದೇ ಇದಕ್ಕೆ ಕಾರಣ. ಬೆನ್ನಿನ ಕೆಳತುದಿ, ಪೃಷ್ಠ, ಸೊಂಟದ ಪಕ್ಕಗಳು, ಹಿಮ್ಮಡಿ ಮತ್ತು ತಲೆಯ ಹಿಂಭಾಗದಲ್ಲಿ ಇವು ಹೆಚ್ಚಾಗಿ ಕಂಡುಬರುತ್ತವೆ.

ಅಪಾಯದ ಅಳತೆ

ರೋಗಿಗೆ ಅಪಾಯ ಎಷ್ಟಿದೆ ಎಂಬುದನ್ನು ತಿಳಿಯಲು ಆಸ್ಪತ್ರೆಗಳಲ್ಲಿ ಬಳಸುವ ಸಾಧನಗಳಲ್ಲಿ 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕವು ಪ್ರಮುಖವಾದುದು. ಸ್ಪರ್ಶ ಮತ್ತು ನೋವಿನ ಅರಿವು, ಚರ್ಮದ ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಪೋಷಣೆ, ಚರ್ಮದ ಉಜ್ಜುವಿಕೆ ಮತ್ತು ಜಾರುವಿಕೆ ಎಂಬ 6 ಅಂಶಗಳಿಗೆ ಅಂಕ ನೀಡಲಾಗುತ್ತದೆ. ಗರಿಷ್ಠ ಅಂಕ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಅಂಕವನ್ನು ಅಪಾಯದ ಸೂಚನೆಯೆಂದು ಪರಿಗಣಿಸಲಾಗುತ್ತದೆ.

ಹುಣ್ಣಿನ ನಾಲ್ಕು ಹಂತಗಳು

ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಆದರೆ ಬೆರಳಿನಿಂದ ಅದುಮಿದರೂ ಮಾಸದ ಕೆಂಪು ಕಾಣುತ್ತದೆ. ಎರಡನೆಯದರಲ್ಲಿ ಮೇಲ್ಚರ್ಮ ಸುಲಿಯುತ್ತದೆ ಅಥವಾ ಬೊಬ್ಬೆ ಏಳುತ್ತದೆ. ಮೂರನೆಯದರಲ್ಲಿ ಚರ್ಮವು ಪೂರ್ತಿ ನಾಶವಾಗಿ ಕೊಬ್ಬು ಗೋಚರಿಸುತ್ತದೆ. ನಾಲ್ಕನೆಯದರಲ್ಲಿ ಸ್ನಾಯು ಅಥವಾ ಮೂಳೆಯೇ ಹೊರಗೆ ಕಾಣುತ್ತದೆ. ಸತ್ತ ಅಂಗಾಂಶವು ತಳವನ್ನು ಮುಚ್ಚಿದ್ದರೆ ಅದನ್ನು ತೆಗೆಯುವವರೆಗೆ ಹಂತವನ್ನು ನಿರ್ಧರಿಸಲಾಗದು. ವೈದ್ಯರು ಹುಣ್ಣಿನ ಉದ್ದ, ಅಗಲ, ಆಳ, ಸ್ರಾವ, ವಾಸನೆ ಮತ್ತು ನೋವನ್ನು ಪ್ರತಿ ಬಾರಿಯೂ ದಾಖಲಿಸುತ್ತಾರೆ.

ಕಪ್ಪು ಮೈಬಣ್ಣದವರಲ್ಲಿ ವಿಶೇಷ ಎಚ್ಚರ

ಭಾರತೀಯರಲ್ಲಿ ಬಹುಮಂದಿಯದು ಕಂದು ಅಥವಾ ಕಪ್ಪು ಮೈಬಣ್ಣ. ಇಂಥ ಚರ್ಮದಲ್ಲಿ ಮೊದಲ ಹಂತದ ಕೆಂಪು ಸ್ಪಷ್ಟವಾಗಿ ಕಾಣದು. ಇದರಿಂದಾಗಿ ಚರ್ಮ ಒಡೆದ ಮೇಲೆಯೇ ತೊಂದರೆ ಮನೆಯವರ ಗಮನಕ್ಕೆ ಬರುವುದುಂಟು. ಆದುದರಿಂದ ನೋಡುವುದಷ್ಟೇ ಸಾಲದು, ಮುಟ್ಟಿ ನೋಡುವುದೂ ಅವಶ್ಯಕ. ಪ್ರತಿದಿನ ಮೈ ಒರೆಸುವಾಗ ಒಳ್ಳೆಯ ಬೆಳಕಿನಲ್ಲಿ ಈ ಭಾಗಗಳನ್ನು ಪರೀಕ್ಷಿಸಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಅಥವಾ ತಣುಪು, ಗಟ್ಟಿತನ ಅಥವಾ ಮೆತುತನ, ನೋವು, ಹೆಚ್ಚಿದ ಕಪ್ಪು ಅಥವಾ ನೇರಳೆ ಛಾಯೆ ಕಂಡುಬಂದಲ್ಲಿ ಅದು ಹುಣ್ಣಿನ ಆರಂಭವಿರಬಹುದು.

ಅಂಥ ಭಾಗವನ್ನು ತಿಕ್ಕಬಾರದು. ಅದರ ಮೇಲೆ ಭಾರ ಬೀಳದಂತೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿ, ವೈದ್ಯರಿಗೆ ಅಥವಾ ದಾದಿಯರಿಗೆ ತೋರಿಸಬೇಕು. ಜ್ವರ, ಕೀವು ಅಥವಾ ದುರ್ವಾಸನೆ ಇದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು ಅತ್ಯಗತ್ಯ. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಾಪಾಯವಿದೆ.