ಎಂಬತ್ತೆರಡು ಸಾವಿರ ಸ್ಥಾನಗಳ ಒಂದು ಚುನಾವಣೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಸಿಗುತ್ತದೆ. ಹಳೇಬೀಡಿಗೆ ಹೋಗುವವರು ಇಲ್ಲಿ ಬಲಕ್ಕೆ ತಿರುಗುತ್ತಾರೆ. ದೇವಸ್ಥಾನ ನೋಡಲು ಬಂದವರಿಗೆ ಇದು ರಸ್ತೆ ಕವಲೊಡೆಯುವ ಜಾಗ, ಅಷ್ಟೇ. ಆದರೆ ಪಂಚಾಯ್ತಿ ಎಲೆಕ್ಷನ್ ಬಂದಾಗ ಬೇಲೂರು ತಾಲ್ಲೂಕಿನ ಇಂಥ ಒಂದು ಊರಿನಲ್ಲಿ ನಿಂತು ಲೆಕ್ಕ ಹಾಕಲು ಶುರುಮಾಡಿದರೆ, ಜಗತ್ತಿನ ದೊಡ್ಡ ಚುನಾವಣೆಗಳ ಪಟ್ಟಿಯಲ್ಲಿ ಇರಬೇಕಾದ ಒಂದು ಸಂಗತಿ ನಮ್ಮ ಕಣ್ಣೆದುರೇ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ನಾವು ಅದನ್ನು ಸಣ್ಣ ಎಲೆಕ್ಷನ್ ಎಂದು ಕರೆಯುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಅದು ಎಷ್ಟು ತಪ್ಪು ಎಂಬುದನ್ನು ಅಂಕಿಗಳೇ ಹೇಳುತ್ತವೆ.

2020ರ ಡಿಸೆಂಬರ್ 22 ಮತ್ತು 27ರಂದು, ಕೊರೋನಾ ಕಾಲದಲ್ಲಿ, ಕರ್ನಾಟಕದ 226 ತಾಲ್ಲೂಕುಗಳ 5,728 ಗ್ರಾಮ ಪಂಚಾಯ್ತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆಯಿತು. ಮೊದಲ ಹಂತದಲ್ಲಿ 43,238 ಸ್ಥಾನ, ಎರಡನೆಯದರಲ್ಲಿ 39,378. ಒಟ್ಟು 82,616. 8,074 ಮಂದಿ ಅವಿರೋಧವಾಗಿ ಆಯ್ಕೆಯಾದರು. ಪೈಪೋಟಿ ನಡೆದ ಸ್ಥಾನಗಳಿಗೆ ಕಣದಲ್ಲಿ ನಿಂತವರು 2,22,814 ಜನ. ಒಬ್ಬೊಬ್ಬರಿಗೂ ಒಂದೊಂದು ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ ಆ ಸಾಲು ಹಾಸನದಿಂದ ಹೊರಟು ಬೆಂಗಳೂರಿನ ವಿಧಾನಸೌಧ ಮುಟ್ಟಿ, ಇನ್ನೂ ಮಿಗುತ್ತದೆ.

ಮತದಾರರು ಹತ್ತಿರಹತ್ತಿರ ಮೂರು ಕೋಟಿ. ಅದನ್ನು ಅಭ್ಯರ್ಥಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ: ಸುಮಾರು ನೂರಮೂವತ್ತು ಮತದಾರರಿಗೆ ಒಬ್ಬ ಅಭ್ಯರ್ಥಿ! ಹೆಚ್ಚೆಂದರೆ ಒಂದು ಬೀದಿಯಷ್ಟು ಜನ. ಆ ಬೀದಿಯಲ್ಲಿ ಒಬ್ಬರು ನಾಮಪತ್ರ ಹಾಕಿದ್ದಾರೆ, ಗುರುತು ಪಡೆದಿದ್ದಾರೆ, ಕರಪತ್ರ ಹಿಡಿದು ಮನೆಮನೆಗೆ ಬಂದು ಕೈಮುಗಿದಿದ್ದಾರೆ. ಉಳಿದವರಲ್ಲಿ ಅರ್ಧ ಜನ ಅವರಿಗೆ ನೆಂಟರೋ ನೆರೆಯವರೋ ಆಗಿರುತ್ತಾರೆ. ವಿಧಾನಸಭೆಯ ಒಂದು ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷಕ್ಕೂ ಮೇಲೆ ಮತದಾರರಿರುತ್ತಾರೆ. ಅಭ್ಯರ್ಥಿಯ ಮುಖವನ್ನು ಫ್ಲೆಕ್ಸಿನಲ್ಲಿ ಮಾತ್ರ ಕಂಡವರೇ ಅಲ್ಲಿ ಬಹುಪಾಲು. ಪಂಚಾಯ್ತಿಯಲ್ಲಿ ಅಭ್ಯರ್ಥಿಯ ಮನೆಯ ಸಾಲ ಎಷ್ಟಿದೆ, ದನ ಎಷ್ಟಿವೆ, ಜಗಳ ಯಾರ ಜೊತೆಗಿದೆ ಎಂಬುದು ಮತ ಹಾಕುವವರಿಗೆಲ್ಲ ಗೊತ್ತು.

ಈ ಅಗಾಧ ಸಂಖ್ಯೆ ತಾನಾಗಿ ಬಂದದ್ದಲ್ಲ, ಕಾನೂನಿನಲ್ಲೇ ಇದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ. ಆರು ಸಾವಿರ ಜನರ ಪಂಚಾಯ್ತಿಯಾದರೆ ಹದಿನೈದು ಮೆಂಬರುಗಳು. ಇಪ್ಪತ್ತೊಂದು ವರ್ಷ ತುಂಬಿದವರು ನಿಲ್ಲಬಹುದು. ಠೇವಣಿ ಸಾಮಾನ್ಯ ವರ್ಗದವರಿಗೆ 200 ರೂಪಾಯಿ, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಅದರ ಅರ್ಧ. ಪಕ್ಷದ ಚಿಹ್ನೆ ಇಲ್ಲ. ಆಟೋರಿಕ್ಷಾ, ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಇಂಥ ಗುರುತುಗಳಲ್ಲಿ ಒಂದು ಸಿಗುತ್ತದೆ.

ಇನ್ನು ಮತದಾನದ ಪ್ರಮಾಣ. ಮೊದಲ ಹಂತದಲ್ಲಿ ಶೇಕಡಾ 82, ಎರಡನೆಯದರಲ್ಲಿ ಶೇಕಡಾ 80ಕ್ಕೂ ಮೇಲೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ರಾಜ್ಯದ ಪ್ರಮಾಣ ಶೇಕಡಾ 73ರ ಆಸುಪಾಸಿನಲ್ಲಿತ್ತು. ಬೆಂಗಳೂರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಮಾಸ್ಕ್ ಹಾಕಿಕೊಂಡು, ಒಂದು ರೋಗದ ಭಯ ಹೊತ್ತುಕೊಂಡು, ಊರಿನ ಶಾಲೆಯ ಮುಂದೆ ಸಾಲು ನಿಂತವರು ಎರಡು ಕೋಟಿಗೂ ಮೇಲೆ.

ಇಷ್ಟೂ ಮತ ಬಿದ್ದದ್ದು ಯಂತ್ರದಲ್ಲಲ್ಲ. ಬೀದರ್ ಜಿಲ್ಲೆಯೊಂದನ್ನು ಬಿಟ್ಟು ಎಲ್ಲ ಕಡೆ ಬ್ಯಾಲೆಟ್ ಪೇಪರ್. ಪಂಚಾಯ್ತಿಯ ಒಂದು ಕ್ಷೇತ್ರದಲ್ಲಿ ಎರಡು ಮೂರು ಸ್ಥಾನಗಳಿರುವುದು ಸಾಮಾನ್ಯ; ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಮೂರು ಸ್ಥಾನದ ಕ್ಷೇತ್ರ ಎಂದಿಟ್ಟುಕೊಳ್ಳೋಣ. ಜನಸಂಖ್ಯೆ ಸುಮಾರು 1,200, ಮತದಾರರು ಎಂಟುನೂರರಿಂದ ಒಂಬೈನೂರು, ಬಂದು ಮತ ಹಾಕಿದವರು ಏಳುನೂರರ ಹತ್ತಿರ. ಒಬ್ಬೊಬ್ಬರದು ಮೂರು ಮುದ್ರೆ. ಒಂದು ಪುಟ್ಟ ಕ್ಷೇತ್ರದಲ್ಲೇ ಎರಡು ಸಾವಿರದಷ್ಟು ಮುದ್ರೆಗಳನ್ನು ಕಣ್ಣಿನಿಂದ ನೋಡಿ, ಬಾಯಲ್ಲಿ ಹೇಳಿ, ಕೈಯಲ್ಲಿ ಗೀಟು ಹಾಕಿ ಎಣಿಸಬೇಕು. ಗೆರೆಯ ಮೇಲೆ ಬಿದ್ದ ಮುದ್ರೆ ಯಾರದು ಎಂದು ಏಜೆಂಟರು ಜಗಳ ತೆಗೆಯುತ್ತಾರೆ. ಆಮೇಲೆ ಮೀಸಲಾತಿಯ ಲೆಕ್ಕ: ಮೀಸಲು ಸ್ಥಾನದ ವಿಜೇತರನ್ನು ಮೊದಲು ತೀರ್ಮಾನಿಸಿ, ಆಮೇಲೆ ಉಳಿದವರ ಪೈಕಿ ಸಾಮಾನ್ಯ ಸ್ಥಾನದ್ದು. ಡಿಸೆಂಬರ್ 30ರ ಬೆಳಿಗ್ಗೆ ತಾಲ್ಲೂಕು ಕೇಂದ್ರಗಳಲ್ಲಿ ಶುರುವಾದ ಎಣಿಕೆ ಎಷ್ಟೋ ಕಡೆ ರಾತ್ರಿ ಕಳೆದು ಮರುದಿನಕ್ಕೆ ಹೋಯಿತು. ಹೊರಗೆ ಟ್ರ್ಯಾಕ್ಟರ್, ಟೆಂಪೋಗಳಲ್ಲಿ ಬಂದ ಜನ ಗೇಟಿನ ಮುಂದೆ ಕಾಯುತ್ತಿದ್ದರು. ಎಣಿಸಿದ ಶಾಲಾ ಮೇಷ್ಟ್ರುಗಳು, ಗುಮಾಸ್ತರು, ಗ್ರಾಮಲೆಕ್ಕಿಗರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಅವರು ಮಾಡಿದ್ದನ್ನು ನಾನು ಸಾಧನೆ ಎಂದೇ ಕರೆಯುತ್ತೇನೆ.

ಈಗ ಇಂಗ್ಲೆಂಡಿನ ಕಡೆ ನೋಡೋಣ. ಸ್ಥಳೀಯ ಆಡಳಿತದ ಮಾತು ಬಂದಾಗಲೆಲ್ಲ ಆ ದೇಶವನ್ನು ಮಾದರಿಯಾಗಿ ತೋರಿಸುತ್ತಾ ಬಂದಿದ್ದೇವೆ. 2023ರ ಮೇ 4ರಂದು ಅಲ್ಲಿ 230 ಸ್ಥಳೀಯ ಕೌನ್ಸಿಲ್‌ಗಳ ಎಂಟು ಸಾವಿರ ಚಿಲ್ಲರೆ ಸ್ಥಾನಗಳಿಗೆ ಚುನಾವಣೆ ನಡೆಯಿತು. ಅಲ್ಲಿಯವರಿಗೆ ಅದು ನಾಲ್ಕು ವರ್ಷಕ್ಕೊಮ್ಮೆ ಬರುವ ದೊಡ್ಡ ಸುತ್ತು. ಆಡಳಿತ ಪಕ್ಷವಾದ ಕನ್ಸರ್ವೇಟಿವ್ ಸಾವಿರಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡಿತು. ಟಿವಿ ಚಾನೆಲ್‌ಗಳು ರಾತ್ರಿಯಿಡೀ ನಕ್ಷೆ ತೋರಿಸಿದವು, ಜಗತ್ತಿನ ಪತ್ರಿಕೆಗಳು ಬರೆದವು, ಕನ್ನಡದ ಪತ್ರಿಕೆಗಳೂ ವಿದೇಶ ಪುಟದಲ್ಲಿ ಜಾಗ ಕೊಟ್ಟವು. ಮತ ಹಾಕಿದವರು ಸುಮಾರು ಮೂವರಲ್ಲಿ ಒಬ್ಬರು. 82,616ನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಒಂದು ರಾಜ್ಯದ ಹಳ್ಳಿಗಳು ಒಂದೇ ವಾರದಲ್ಲಿ ಅದರ ಹತ್ತು ಪಟ್ಟು ಸ್ಥಾನ ತುಂಬಿವೆ.

ನ್ಯಾಯವಾಗಿ ಹೋಲಿಸಬೇಕಾದರೆ ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್‌ಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವು ಹತ್ತು ಸಾವಿರದಷ್ಟಿವೆ, ಸದಸ್ಯರು ಲಕ್ಷದ ಹತ್ತಿರ. ಸಂಖ್ಯೆಯಲ್ಲಿ ನಮ್ಮ ಗ್ರಾಮ ಪಂಚಾಯ್ತಿಗೆ ಸಾಟಿ. ಆದರೆ ಅಲ್ಲಿ ಬಹಳಷ್ಟು ಕಡೆ ಸ್ಥಾನಗಳಿರುವಷ್ಟೇ ಜನ ನಿಲ್ಲುತ್ತಾರೆ, ಕೆಲವೆಡೆ ಅಷ್ಟೂ ಜನ ಸಿಗುವುದಿಲ್ಲ. ಪೈಪೋಟಿಯಿಲ್ಲದೆ ಮುಗಿಯುವುದೇ ಹೆಚ್ಚು. ಇಲ್ಲಿ ಒಂದೊಂದು ಸ್ಥಾನಕ್ಕೆ ಸರಾಸರಿ ಮೂವರು ನಿಲ್ಲುತ್ತಾರೆ, ಹತ್ತರಲ್ಲಿ ಎಂಟು ಮಂದಿ ಬಂದು ಮತ ಹಾಕುತ್ತಾರೆ.

ಸ್ಥಾನಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿರುವಾಗ ಅಂತರಗಳು ಅಷ್ಟೇ ಚಿಕ್ಕದಾಗುತ್ತವೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಮತ. ಎಂಬತ್ತು ಸಾವಿರ ಮತಗಳ ನಡುವೆ ಅಂಥದ್ದು ನಡೆದದ್ದಕ್ಕೆ ನಾಡು ಇಂದಿಗೂ ಆ ಕತೆ ಹೇಳುತ್ತದೆ. ಪಂಚಾಯ್ತಿಯಲ್ಲಿ ಇನ್ನೂರೈವತ್ತು ಮತಗಳು ಮೂವರಲ್ಲಿ ಹಂಚಿಹೋದರೆ ಒಂದೆರಡು ಮತದ ಅಂತರ ಮಾಮೂಲಿ. ಸಮಸಮ ಬಂದರೆ ಚುನಾವಣಾಧಿಕಾರಿ ಚೀಟಿ ಎತ್ತಿಸುತ್ತಾರೆ. ಇಂಗ್ಲೆಂಡಿನಲ್ಲೂ ಇದೇ ನಿಯಮ. 2017ರಲ್ಲಿ ನಾರ್ಥಂಬರ್‌ಲ್ಯಾಂಡ್ ಕೌಂಟಿಯ ಸೌತ್ ಬ್ಲೈತ್‌ನಲ್ಲಿ ಇಬ್ಬರಿಗೆ ಸಮ ಮತ ಬಂದು ಕಡ್ಡಿ ಎಳೆಸಿದರು. ಕನ್ಸರ್ವೇಟಿವ್ ಅಭ್ಯರ್ಥಿ ಸೋತರು. 67 ಸ್ಥಾನಗಳ ಕೌನ್ಸಿಲ್‌ನಲ್ಲಿ ಆ ಪಕ್ಷ 33ಕ್ಕೆ ನಿಂತಿತು. ಬಹುಮತ ಒಂದು ಕಡ್ಡಿಯಲ್ಲಿ ತಪ್ಪಿತು. ಆ ಸುದ್ದಿ ಸಮುದ್ರ ದಾಟಿ ನಮಗೆ ತಲುಪಿತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎತ್ತಿದ ಚೀಟಿಗಳ ಸುದ್ದಿ ಜಿಲ್ಲೆಯ ಗಡಿಯನ್ನೇ ದಾಟುವುದಿಲ್ಲ.

ಇಲ್ಲಿ ಸೋತವರ ಬಗ್ಗೆ ಒಂದು ಮಾತು ಹೇಳಲೇಬೇಕು. 2020ರಲ್ಲಿ ಸೋತವರು ಸುಮಾರು ಒಂದೂವರೆ ಲಕ್ಷ. ಎಂಎಲ್‌ಎ ಚುನಾವಣೆ ಸೋತವರಿಗೆ ನಿಗಮವೋ ಮಂಡಳಿಯೋ ಸಿಕ್ಕೀತು. ಇವರಿಗೆ ಏನೂ ಇಲ್ಲ. ಮರುದಿನ ಡೈರಿಗೆ ಹಾಲು ಹಾಕಲು ಹೋದಾಗ, ಮಾತು ಕೊಟ್ಟು ಮತ ಕೊಡದವರ ಹಿಂದೆಯೇ ಸಾಲಿನಲ್ಲಿ ನಿಲ್ಲಬೇಕು. ಎಷ್ಟು ಮತ ಬಿತ್ತು ಎಂಬ ಅಂಕಿಯಿಂದ ಯಾವ ಮನೆ ಕೈಕೊಟ್ಟಿತು ಎಂದು ಊಹಿಸುವಷ್ಟು ಚಿಕ್ಕ ಲೋಕ ಅದು. ಹೀಗಿದ್ದೂ ಐದು ವರ್ಷಕ್ಕೊಮ್ಮೆ ಎರಡು ಲಕ್ಷ ಜನ ನಿಲ್ಲುತ್ತಾರಲ್ಲ, ನನಗೆ ಎಲ್ಲಕ್ಕಿಂತ ಬೆರಗು ತರುವುದು ಇದೇ.

ಅವಿರೋಧವಾಗಿ ಬಂದ 8,074 ಸ್ಥಾನಗಳನ್ನು ಮಾತ್ರ ನಾನು ಬೆರಗಿನಿಂದ ನೋಡಲಾರೆ. ಊರು ಒಮ್ಮತದಿಂದ ಒಬ್ಬರನ್ನು ಆರಿಸಿದರೆ ಒಳ್ಳೆಯದೇ. ಆದರೆ ಆ ಡಿಸೆಂಬರಿನಲ್ಲಿ ಬಳ್ಳಾರಿ, ಕಲಬುರಗಿ ಕಡೆಯಿಂದ ಸದಸ್ಯ ಸ್ಥಾನಗಳ ಹರಾಜಿನ ವರದಿಗಳು ಬಂದವು, ಮೊಕದ್ದಮೆ ಹೂಡುವುದಾಗಿ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ದೇವಸ್ಥಾನದ ಕೆಲಸಕ್ಕೆ ದುಡ್ಡು ಎಂಬ ನೆಪದಲ್ಲಿ ಮತದ ಹಕ್ಕನ್ನು ಮಾರಿದರೆ ಅದು ಇಡೀ ಊರಿನ ಮೇಲೆ ಮಾಡಿದ ಕಳ್ಳತನ.

ಈ ಲೆಕ್ಕದಲ್ಲಿ ಹೆಂಗಸರ ಭಾಗ ಬೇರೆಯೇ ಎತ್ತರದ್ದು. ನೀರ್ ಸಾಬ್ ಎಂದು ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಕಾಲು ಭಾಗ ಮಹಿಳೆಯರಿಗೆ ಮೀಸಲಿತ್ತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಕರ್ನಾಟಕದ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಮಂಡಲದ ಸಭೆಗೆ ಹೋಗಿ ಕೂತಿದ್ದರು. 2010ರ ತಿದ್ದುಪಡಿಯ ನಂತರ ಮೀಸಲು ಅರ್ಧ. ಎಂದರೆ 2020ರಲ್ಲಿ ನಲವತ್ತು ಸಾವಿರದ ಸುತ್ತಮುತ್ತ ಮಹಿಳೆಯರು ಗ್ರಾಮ ಪಂಚಾಯ್ತಿಗಳಿಗೆ ಬಂದರು. 2024ರಲ್ಲಿ ಇಡೀ ದೇಶದಿಂದ ಲೋಕಸಭೆಗೆ ಆಯ್ಕೆಯಾದ ಮಹಿಳೆಯರು 74. ಹೆಂಡತಿ ಗೆದ್ದು ಗಂಡ ದರ್ಬಾರು ನಡೆಸುವುದು ಎಷ್ಟೋ ಕಡೆ ಇದೆ, ನಿಜ. ಆದರೆ ಪಿಡಿಒ ಎದುರು ಕೂತು ಚೆಕ್ ಪುಸ್ತಕ ತೆಗೆಸಿ ಲೆಕ್ಕ ಕೇಳುವ ಅಧ್ಯಕ್ಷೆಯರೂ ಇದ್ದಾರೆ, ಮತ್ತು ಅವರು ಬೆರಳೆಣಿಕೆಯವರಲ್ಲ.

ಕೂಲಿ ಎಷ್ಟು? 2022ರಲ್ಲಿ ಹೆಚ್ಚಿಸಿದ ಮೇಲೆ ಸದಸ್ಯರ ಗೌರವಧನ ತಿಂಗಳಿಗೆ 2,000 ರೂಪಾಯಿ. ಇವರ ಮತಕ್ಕೆ ಮಾತ್ರ ಬೆಲೆ ಬಹಳ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ತುಂಬುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. ಅವರಲ್ಲಿ ಬಹುಪಾಲು ಗ್ರಾಮ ಪಂಚಾಯ್ತಿಯವರೇ. 2021ರ ಡಿಸೆಂಬರಿನ ಆ ಚುನಾವಣೆಯಲ್ಲಿ ಬಿಜೆಪಿ, ಕಾಂಗ್ರೆಸ್ ತಲಾ 11, ಜೆಡಿಎಸ್ 2 ಗೆದ್ದವು. ಆ ಎರಡರಲ್ಲಿ ಒಂದು ಹಾಸನ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಆಗದೆ ಉಳಿದಾಗ, ಹಳ್ಳಿಯವರಿಗೆ ಬಾಗಿಲು ತಟ್ಟಿ ಕೇಳಲು ಉಳಿದದ್ದು ಈ ಮೆಂಬರುಗಳೇ.

ಇಷ್ಟೆಲ್ಲ ನಡೆದದ್ದರ ದಾಖಲೆ ಎಲ್ಲಿದೆ? ಇಂಗ್ಲೆಂಡಿನಲ್ಲಿ ಕಾಲಿನ್ ರಾಲಿಂಗ್ಸ್ ಮತ್ತು ಮೈಕೆಲ್ ಥ್ರಾಷರ್ ಎಂಬ ಇಬ್ಬರು ವಿದ್ವಾಂಸರು ಸ್ಥಳೀಯ ಚುನಾವಣೆಯ ವಾರ್ಡುವಾರು ಫಲಿತಾಂಶಗಳನ್ನು ದಶಕಗಳ ಕಾಲ ಒಟ್ಟುಮಾಡಿ ಪುಸ್ತಕ ತಂದರು. 1973ರಲ್ಲಿ ಯಾವುದೋ ಪುಟ್ಟ ವಾರ್ಡಿನಲ್ಲಿ ಮೂರನೆಯವನಾಗಿ ಸೋತವನಿಗೆ ಎಷ್ಟು ಮತ ಬಿತ್ತು ಎಂಬುದನ್ನೂ ಅಲ್ಲಿ ಹುಡುಕಬಹುದು. ನಮ್ಮ 82,616 ಫಲಿತಾಂಶಗಳು ಅಭ್ಯರ್ಥಿವಾರು ಮತಗಳೊಂದಿಗೆ ಒಂದೆಡೆ ಸಿಗುವ ಪುಸ್ತಕವನ್ನು ನಾನು ಕಂಡಿಲ್ಲ. ಪಕ್ಷಗಳು ತಮ್ಮ ಬೆಂಬಲಿಗರೇ ಹೆಚ್ಚು ಗೆದ್ದರೆಂದು ಹೇಳಿಕೊಂಡವು; ಪತ್ರಿಕೆಗಳು ಆ ಹೇಳಿಕೆಗಳನ್ನು ಅಚ್ಚುಮಾಡಿದವು. ಯಾರಿಗೆ ಎಷ್ಟು ಮತ ಎಂಬುದು ಊರಿನವರ ನೆನಪಿನಲ್ಲಿ ಮಾತ್ರ ಉಳಿಯಿತು.

ದಾಖಲೆ ಮಾಡುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಹಗರೆಯ ಸುತ್ತಲಿನ ಸೀಮೆಯಲ್ಲಿ ಹೊಯ್ಸಳರ ಕಾಲದವರು ಯಾವ ಗಾವುಂಡ ಎಷ್ಟು ಭೂಮಿ ಬಿಟ್ಟ, ಊರಿನ ಗಡಿ ಯಾವ ಕೆರೆಯ ಏರಿಗೆ ತಾಗುತ್ತದೆ, ತುರುಗಾಳಗದಲ್ಲಿ ಯಾರು ಸತ್ತ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿಟ್ಟರು. ಅರಸರ ಹೆಸರಿನ ಜೊತೆಗೆ ಊರವರ ಹೆಸರುಗಳೂ ಹಾಗೆ ಉಳಿದವು. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳಿಗೇ ಒಂದು ಇಡೀ ಸಂಪುಟ ಮೀಸಲಿಟ್ಟರು.

2020ರ ಚುನಾವಣೆಯಲ್ಲಿ ಗೆದ್ದವರು, ಸೋತವರು, ಅವಿರೋಧವಾಗಿ ಬಂದವರು ಎಲ್ಲ ಸೇರಿದರೆ 2,30,888 ಹೆಸರು. ಪುಟಕ್ಕೆ ನೂರು ಹೆಸರಿನಂತೆ, ಊರು, ಗುರುತು, ಮತ ಸಮೇತ ಅಚ್ಚು ಹಾಕಿದರೆ 2,309 ಪುಟ. ಮೂರು ದಪ್ಪ ಸಂಪುಟ. ರಾಜ್ಯ ಚುನಾವಣಾ ಆಯೋಗವೋ, ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಸಂಸ್ಥೆಯೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ತಾಲ್ಲೂಕು ಕಚೇರಿಯ ಬೀರುಗಳಲ್ಲಿ ಎಣಿಕೆಯ ಹಾಳೆಗಳು ಗೆದ್ದಲು ಹಿಡಿಯುವ ಮೊದಲು ಇದು ಶುರುವಾಗಬೇಕು. ಮೊದಲು ಬೇಲೂರು ತಾಲ್ಲೂಕಿನದೊಂದೇ ಆದರೂ ಸರಿ.